ಎರೆಮಣ್ಣಿನಲ್ಲಿ ನಿಂತ ಜೀಪು ಮತ್ತೆ ಓಡುವ ಬಗೆ

ವರ್ಷಗಟ್ಟಲೆ ಹಿತ್ತಲಿನಲ್ಲಿ ನಿಂತು ಜಂಗು ಹಿಡಿದ ಜೀಪನ್ನು ಮನೆಯ ಅಂಗಳದಲ್ಲಿಯೇ ಒಂದು ಜಾಕ್, ಹತ್ತಾರು ಪಾನಾಗಳ ಬಲದಿಂದ ಮತ್ತೆ ಓಡಿಸಲು ಸಾಧ್ಯವಾಗುವುದಕ್ಕೆ ದುರಸ್ತಿಗಾರನ ಕೈಗುಣದಷ್ಟೇ ಆ ವಾಹನದ ಹುಟ್ಟುಗುಣವೂ ಕಾರಣ. 1940ರ ಜುಲೈನಲ್ಲಿ ಅಮೆರಿಕದ ಸೇನೆಯು 135 ಕಂಪನಿಗಳಿಗೆ ಕರೆ ಕೊಟ್ಟು, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ತಲುಪುವ ಹಗುರ ವಾಹನದ ಮಾದರಿಯನ್ನು 49 ದಿನಗಳೊಳಗೆ ಒಪ್ಪಿಸಬೇಕೆಂದು ಕೇಳಿತು. ಗಡುವಿನೊಳಗೆ ಮಾದರಿಯನ್ನು ತಂದು ನಿಲ್ಲಿಸಿದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿಯಾದರೂ, ಲಕ್ಷಗಟ್ಟಲೆ ಜೀಪುಗಳನ್ನು ತಯಾರಿಸುವ ಕೆಲಸ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂಡುವಂತೆ ಎರಡೂ ಕಡೆ ಒಂದೇ ಅಳತೆ ಪಾಲಿಸಿದ್ದರಿಂದ, ರಣರಂಗದಲ್ಲಿ ಕೆಟ್ಟ ಜೀಪನ್ನು ಅಲ್ಲಿಯೇ ಬಿಚ್ಚಿ ಕಟ್ಟುವುದು ಸುಲಭವಾಯಿತು.

ಈ ಗುಣ ಭಾರತಕ್ಕೂ ಬಂದಿತು. 1945ರಲ್ಲಿ ‘ಮಹೀಂದ್ರ ಆ್ಯಂಡ್ ಮೊಹಮ್ಮದ್’ ಎಂದು ಆರಂಭವಾಗಿ 1948ರಲ್ಲಿ ‘ಮಹೀಂದ್ರ ಆ್ಯಂಡ್ ಮಹೀಂದ್ರ’ ಎಂದು ಹೆಸರು ಬದಲಿಸಿಕೊಂಡ ಕಂಪನಿಯು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಗೆ ತೊಡಗಿ, ಕ್ರಮೇಣ ‘ಸಿಜೆ-3ಬಿ’ ಮಾದರಿಯನ್ನು ಇಲ್ಲಿಯೇ ತಯಾರಿಸಿತು. ಈ ಮಾದರಿಯ ಎತ್ತರದ ಬಾನೆಟ್ ಅಂದಕ್ಕಾಗಿ ಮಾಡಿದ್ದಲ್ಲ. ಹಳೆಯ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ, ಅಂದರೆ ಇಂಧನದ ಆವಿಯನ್ನು ಒಳಬಿಟ್ಟು ಹೊಗೆಯನ್ನು ಹೊರಹಾಕುವ ಕವಾಟಗಳೆಲ್ಲ, ಬದಿಯಲ್ಲಿದ್ದವು. ‘ಹರಿಕೇನ್’ ಎಂಬ ಹೊಸ ಎಂಜಿನ್ನಿನಲ್ಲಿ ಒಳಬಿಡುವ ವಾಲ್ವುಗಳು ನೆತ್ತಿಗೇರಿದ್ದರಿಂದ ಎಂಜಿನ್ ಎತ್ತರವಾಗಿ, ಬಾನೆಟ್ಟೂ ಮೇಲೇಳಬೇಕಾಯಿತು.

ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯ ರೈತರಿಗೆ ಇದಕ್ಕಿಂತ ಹತ್ತಿರದ ಸಂಗತಿ ಮುಂದಿನದು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಹಯೋಗದಲ್ಲಿ ಭಾರತದಲ್ಲಿಯೇ ತಯಾರಾದ ಬಿ-275 ಟ್ರ್ಯಾಕ್ಟರಿನ ಎಂಜಿನ್ನಿನಿಂದಲೇ ಮಹೀಂದ್ರದ ಡೀಸೆಲ್ ಜೀಪಿನ ಎಂಜಿನ್ ರೂಪುಗೊಂಡಿದ್ದರಿಂದ, ಟ್ರ್ಯಾಕ್ಟರ್ ಬಿಚ್ಚಿ ಬಲ್ಲವನಿಗೆ ಜೀಪಿನ ಒಡಲು ಅಪರಿಚಿತವಾಗಿ ಉಳಿಯಲಿಲ್ಲ. 1980ರ ದಶಕದಲ್ಲಿ ಬಂದ ‘ಎಂಎಂ 540’ ಮಾದರಿಗೆ ಮಾತ್ರ ಫ್ರಾನ್ಸಿನ ಪೂಜೋ ಕಂಪನಿಯ 2,112 ಸಿಸಿ ಡೀಸೆಲ್ ಎಂಜಿನ್ ಕೂಡಿತು.

ಈ ಸೀಮೆಯಲ್ಲಿ ನಿಂತ ಜೀಪಿನ ಮೊದಲ ಶತ್ರು ಎರೆಮಣ್ಣು. ನೀರು ಕುಡಿದಾಗ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕುಬಿಡುವ ಈ ಕಪ್ಪು ಜೇಡಿ, ಹಿಂಗಾರಿ ಜೋಳಕ್ಕೆ ತೇವ ಕಾಯ್ದಿಟ್ಟು ಕೊಡುವಂತೆಯೇ ಚಾಸಿಯ, ಅಂದರೆ ಜೀಪಿನ ಅಡಿಚೌಕಟ್ಟಿನ, ಸಂದಿಗಳಲ್ಲಿಯೂ ತೇವ ಕಾಯ್ದಿಡುತ್ತದೆ. ಕಮಾನು ಪಾಟಾಗಳನ್ನು, ಅಂದರೆ ಜೀಪಿನ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳನ್ನು, ಬಿಚ್ಚಿ ಒಂದೊಂದಾಗಿ ಸರಿಸಿದರೆ ನಡುವೆ ಹೆಪ್ಪುಗಟ್ಟಿದ ಮಣ್ಣಿನ ತೆಳು ಹಪ್ಪಳ ಸಿಗುತ್ತದೆ. ಅದನ್ನು ಕೆರೆದರೆ ಕೆಳಗಿನ ಉಕ್ಕು ಇಟ್ಟಂಗಿ ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಆದ್ದರಿಂದ ಬಣ್ಣದ ಡಬ್ಬಿ ತೆರೆಯುವ ಮುನ್ನ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಉಕ್ಕು ಖಣಿಲೆನ್ನುತ್ತದೆ, ಜಂಗು ತಿಂದದ್ದು ಮಂದವಾಗಿ ಸದ್ದು ಮಾಡುತ್ತದೆ.

ಜಾಮ್ ಆದ ಪೆಟ್ರೋಲ್ ಎಂಜಿನ್ನನ್ನು ಬ್ಯಾಟರಿ ಕೂಡಿಸಿ ಬಲವಂತದಿಂದ ತಿರುಗಿಸುವುದು ದೊಡ್ಡ ತಪ್ಪು. ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೂ ತೆಳು ಎಣ್ಣೆ ಬಿಟ್ಟು, ಕೆಲವು ದಿನ ನೆನೆಯಲು ಬಿಟ್ಟು, ಬಳಿಕ ಮುಂದಿನ ಹ್ಯಾಂಡಲ್‌ನಿಂದ ಮೆಲ್ಲಗೆ ಅತ್ತಿತ್ತ ಅಲುಗಿಸುವುದೇ ಸರಿಯಾದ ದಾರಿ. ಡೀಸೆಲ್ ಜೀಪಾದರೆ ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಪೈಪುಗಳಲ್ಲಿ ಸೇರಿದ ಗಾಳಿಯನ್ನು ಹೊರತೆಗೆಯದೆ ಎಂಜಿನ್ ಹತ್ತುವುದಿಲ್ಲ. ಎಂಜಿನ್ ಸದ್ದು ಕೇಳಿದ ಉತ್ಸಾಹದಲ್ಲಿ ಬ್ರೇಕ್ ಮರೆಯುವವರೇ ಹೆಚ್ಚು. ಗಾಲಿಯೊಳಗಿನ ಬ್ರೇಕ್ ಸಿಲಿಂಡರುಗಳ ರಬ್ಬರು ನಿಂತಲ್ಲಿಯೇ ಗಟ್ಟಿಯಾಗಿರುತ್ತದೆ; ಹಳೆಯ ಜೀಪುಗಳಲ್ಲಿ ನಾಲ್ಕೂ ಗಾಲಿಗಳಿಗೆ ಒಂದೇ ಬ್ರೇಕ್ ಎಣ್ಣೆಯ ಜಾಲ ಇರುವುದರಿಂದ ಒಂದು ಕಡೆ ಸೋರಿದರೂ ಪೆಡಲ್ ನೆಲಕ್ಕಿಳಿಯುತ್ತದೆ. ಬ್ರೇಕ್ ಕೆಲಸ ಮುಗಿಯುವವರೆಗೆ ಜೀಪು ಅಂಗಳ ದಾಟಬಾರದು.

ಅಂಗಳ ದಾಟಿದ ಮೇಲೆ ಬೇಕಾಗುವ, ಗೇರ್ ಕಡ್ಡಿಯ ಪಕ್ಕದ ಎರಡು ಚಿಕ್ಕ ಕಡ್ಡಿಗಳು ‘ಟ್ರಾನ್ಸ್‌ಫರ್ ಕೇಸ್’ ಎಂಬ ಪೆಟ್ಟಿಗೆಗೆ ಸೇರಿದವು. ಒಂದು ಮುಂದಿನ ಗಾಲಿಗಳಿಗೆ ಬಲ ಕೊಟ್ಟರೆ, ಇನ್ನೊಂದು ವೇಗವನ್ನು ತಗ್ಗಿಸಿ ಎಳೆತವನ್ನು ಹೆಚ್ಚಿಸುತ್ತದೆ. ಹಸಿ ಎರೆಯಲ್ಲಿ ಇವು ಆಪದ್ಬಾಂಧವರಾದರೂ, ಸಿಂದಗಿಯಿಂದ ವಿಜಯಪುರಕ್ಕೆ ಹೋಗುವ ಒಣ ಡಾಂಬರು ರಸ್ತೆಯಲ್ಲಿ ನಾಲ್ಕೂ ಗಾಲಿ ಕೂಡಿಸಿ ಓಡಿಸಿದರೆ ಗೇರುಗಳು ಬಿಗಿದು ಸವೆಯುತ್ತವೆ.

ಇಷ್ಟಕ್ಕೆಲ್ಲ ಹಣ ಸುರಿಯುವ ಮೊದಲು ಆರ್.ಸಿ. ಪುಸ್ತಕದಲ್ಲಿನ, ಅಂದರೆ ನೋಂದಣಿ ಪುಸ್ತಕದಲ್ಲಿನ, ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲಿನವುಗಳೊಂದಿಗೆ ಹೋಲಿಸಿ ನೋಡಬೇಕು. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂಡಿಸಿದ್ದರೆ ಅದು ಪುಸ್ತಕದಲ್ಲಿ ದಾಖಲಾಗಿರಬೇಕು. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ಬಳಿಕ ತಪಾಸಣೆಗೆ ಒಪ್ಪಿಸಿ 5 ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬೇಕು.