ಧಾರಣೆ ಗೊತ್ತು, ಅಸಲು ಗೊತ್ತೆ?

ಅರಸೀಕೆರೆಯ ಮಾರುಕಟ್ಟೆ ಪ್ರಾಂಗಣದಲ್ಲಿ ಕೊಬ್ಬರಿ ಟೆಂಡರಿನ ದಿನ ಅರ್ಧ ಗಂಟೆ ಸುಮ್ಮನೆ ನಿಂತು ಕಿವಿಗೊಟ್ಟರೆ ಈ ಮಾತು ಕೇಳದೆ ಇರದು.

“ಏನ್ ಗೌಡ್ರೆ, ಧಾರಣೆ ಎಷ್ಟಕ್ಕೆ ನಿಂತ್ತು?”

“ನಿಂತಿರೋದೇನೋ ಚೆನ್ನಾಗೇ ನಿಂತದೆ ಕಣಪ್ಪ. ಆದ್ರೆ ಗಿಟ್ಟಲ್ಲ.”

ಗಿಟ್ಟಬೇಕಾದರೆ ಎಷ್ಟಾಗಬೇಕಿತ್ತು ಎಂದು ಮರುಪ್ರಶ್ನೆ ಹಾಕಿದರೆ ಗೌಡರು ವಲ್ಲಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ಬೇರೆ ಮಾತಿಗೆ ಹೊರಳುತ್ತಾರೆ. ಅವರನ್ನು ದೂರಿ ಫಲವಿಲ್ಲ. ನಮ್ಮಲ್ಲಿ ಬಹುಮಂದಿಯ ಸ್ಥಿತಿ ಇದೇ. ಮಾರುವ ಧಾರಣೆಗೆ ನಮ್ಮ ಬಾಯಲ್ಲಿ ಹತ್ತಾರು ಮಾತುಗಳಿವೆ. ಬೆಳೆಯಲು ತಗಲಿದ್ದಕ್ಕೆ ಇರುವುದು ‘ಖರ್ಚು’ ಎಂಬ ಒಂದೇ ಮಾತು.

ಈ ಮಾತುಗಳನ್ನೇ ಸ್ವಲ್ಪ ನೋಡೋಣ. ‘ಬೆಲೆ’ ನಮ್ಮ ಮನೆಯ ಮಾತು. ತಮಿಳಿನಲ್ಲಿ ಅದೇ ‘ವಿಲೈ’. ‘ಕ್ರಯ’ ಸಂಸ್ಕೃತದ್ದು. ‘ಅಸಲು’, ‘ಬಾಕಿ’, ‘ಜಮಾ’, ‘ದಲ್ಲಾಳಿ’, ‘ಹಮಾಲಿ’ ಇವೆಲ್ಲ ಅರಬ್ಬಿಯಿಂದ ಹೊರಟು ಕಚೇರಿ, ಪೇಟೆಗಳನ್ನು ಹಾದು ಬಂದವು. ‘ಖರ್ಚು’ ಪಾರಸಿಯದು, ‘ರೇಟು’ ಇಂಗ್ಲಿಷಿನದು. ಎಲ್ಲಿಂದ ಬಂದರೂ ಪ್ರತಿಯೊಂದಕ್ಕೂ ನಾವು ಅದರದೇ ಜಾಗ ಕೊಟ್ಟಿದ್ದೇವೆ. ಜಮೀನಿಗೆ ಕ್ರಯ, ಸೀರೆಗೆ ಬೆಲೆ, ಬಸ್ಸಿಗೆ ಚಾರ್ಜು, ಆಳಿಗೆ ಕೂಲಿ, ಅಡಿಕೆ ಕೊಬ್ಬರಿಗೆ ಧಾರಣೆ. ಅಡಿಕೆಯ ಕ್ರಯ ಎಂದು ಯಾರೂ ಹೇಳುವುದಿಲ್ಲ. ಇನ್ನೊಂದು ಸಂಗತಿ: ಬಟ್ಟೆ ಅಂಗಡಿಯವನು ತನ್ನ ಸೀರೆಗೆ ಬೆಲೆ ‘ಹೇಳುತ್ತಾನೆ’. ನಾವು ನಮ್ಮದೇ ಅಡಿಕೆಯ ಧಾರಣೆಯನ್ನು ಪೇಟೆಗೆ ಹೋಗಿ ‘ಕೇಳಿಕೊಂಡು’ ಬರುತ್ತೇವೆ.

ಹಳೆಯ ಲೆಕ್ಕದ ಮಾತುಗಳು ಒಂದೊಂದಾಗಿ ಹೋದವು. ಬೇಲೂರು, ಹಳೇಬೀಡುಗಳ ಸುತ್ತಿನ ಹೊಯ್ಸಳ ಶಾಸನಗಳ ಗದ್ಯಾಣ, ಪಣ, ಹಾಗ, ವೀಸಗಳು ಕಲ್ಲಿನಲ್ಲಿಯೇ ಉಳಿದವು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆಯಾಗಿ ಆಣೆ ಹೋಯಿತು. ಆದರೂ ತೋಟ ನೋಡಿ ಬಂದವರು ಇಂದಿಗೂ “ಈ ವರ್ಷ ಎಂಟಾಣೆ ಫಸಲು” ಎನ್ನುವುದುಂಟು. ಮಣದ ಗೊಂದಲವಂತೂ ಹಿರಿಯರಿಗೆ ಚೆನ್ನಾಗಿ ಗೊತ್ತು. 24 ತೊಲದ ಕಚ್ಚಾ ಸೇರಿನಲ್ಲಿ 40 ಸೇರಿನ ಮಣವೆಂದರೆ ಸುಮಾರು 11 ಕೆ.ಜಿ.; 80 ತೊಲದ ಪಕ್ಕಾ ಸೇರಿನಲ್ಲಿ ಅದೇ ಮಣ 37 ಕೆ.ಜಿ. ದಾಟುತ್ತದೆ. ಯಾವ ಮಣವೆಂದು ಕೇಳದೆ ಧಾರಣೆ ಒಪ್ಪಿದವನು ಕೆಟ್ಟ.

ಮಣ ಹೋದರೂ ಅಂಥ ಬಲೆಗಳು ಹೋಗಿಲ್ಲ. ಕಾಫಿಯ ‘ಔಟ್‌ಟರ್ನ್’ ಒಂದನ್ನೇ ತೆಗೆದುಕೊಳ್ಳಿ. 50 ಕೆ.ಜಿ. ಚೆರ್ರಿ ಮೂಟೆಯಿಂದ ಎಷ್ಟು ಕೆ.ಜಿ. ಬೀಜ ಬರುತ್ತದೆಯೋ ಅದು ಔಟ್‌ಟರ್ನ್. ಲೆಕ್ಕಕ್ಕೆಂದು ಒಂದು ಅಂಶಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೆ, 26 ಬಂದ ಮೂಟೆಗೆ 7,800, 28 ಬಂದ ಮೂಟೆಗೆ 8,400. ಮೂಟೆಗೆ 600 ರೂಪಾಯಿ ವ್ಯತ್ಯಾಸ. ಬೇಲೂರು ಕಡೆಯ ಸಣ್ಣ ಬೆಳೆಗಾರರು ಎಷ್ಟೋ ಮಂದಿ ಇಂದಿಗೂ “ಮೂಟೆಗೆ ಎಷ್ಟು ಕೊಡ್ತೀರಿ?” ಎಂದಷ್ಟೇ ಕೇಳಿ ಮಾಲು ಹಾಕಿ ಬರುತ್ತಾರೆ. ಸ್ಯಾಂಪಲ್ ತೆಗೆದು ಬೀಜ ಮಾಡಿಸಿ, ತೇವಾಂಶ ನೋಡಿಸಿ, ಆಮೇಲೆ ಮಾತಾಡುವುದು ಮೇಲು.

ಅಡಿಕೆ ಚೇಣಿ ಕೊಡುವಾಗಲೂ ಇದೇ ಕಥೆ. ಸಾಮಾನ್ಯವಾಗಿ ಕ್ವಿಂಟಾಲ್ ಹಸಿ ಅಡಿಕೆಗೆ ಒಣಗಿ 12ರಿಂದ 14 ಕೆ.ಜಿ. ಬರುತ್ತದೆ. ಚೇಣಿದಾರ ಎಷ್ಟು ಕೆ.ಜಿ. ಲೆಕ್ಕ ಹಿಡಿದ ಎಂಬುದರ ಮೇಲೆ ಹಣ ನಿಂತಿದೆಯೇ ಹೊರತು ಅವನು ಹೇಳಿದ ಧಾರಣೆಯೊಂದರ ಮೇಲೆಯೇ ಅಲ್ಲ.

ಕಾಫಿ ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ಈ ಕಷ್ಟ ಬೇರೆ ರೂಪದಲ್ಲಿತ್ತು. 1940ರ ದಶಕದಿಂದ ಬೆಳೆದ ಕಾಫಿಯನ್ನೆಲ್ಲ ಪೂಲಿಗೆ ಒಪ್ಪಿಸಬೇಕಾಗಿತ್ತು. ‘ಪಾಯಿಂಟ್’ ಲೆಕ್ಕದಲ್ಲಿ ಹಣ ಕಂತುಕಂತಾಗಿ ಬರುತ್ತಿತ್ತು. ಕಾಫಿ ಕೊಟ್ಟ ದಿನ ಅದರ ಬೆಲೆ ಕೊಟ್ಟವನಿಗೇ ತಿಳಿಯದು. 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಮಾರಾಟ ಪೂರ್ತಿ ಬೆಳೆಗಾರನ ಕೈಗೆ ಬಂತು. ಅಂದಿನಿಂದ ಧಾರಣೆ ಗೊತ್ತಾಯಿತು; ಅಸಲಿನ ಲೆಕ್ಕ ಮಾತ್ರ ಅಭ್ಯಾಸವಾಗಲಿಲ್ಲ.

ಸರ್ಕಾರದ ಕಡತದಲ್ಲಿ ಖರ್ಚು ಒಂದೇ ಅಲ್ಲ. ಬೆಂಬಲ ಬೆಲೆಯನ್ನು ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ವೆಚ್ಚವನ್ನು ಮೂರು ಮೆಟ್ಟಿಲಾಗಿ ಎಣಿಸುತ್ತದೆ. ಗೊಬ್ಬರ, ಔಷಧಿ, ಕೂಲಿ ಎಂದು ಕೈಯಿಂದ ಹೋದದ್ದು ‘ಎ2’. ಮನೆಮಂದಿ ದುಡಿದ ದುಡಿಮೆಗೆ ಕೂಲಿ ಕಟ್ಟಿ ಸೇರಿಸಿದರೆ ‘ಎ2+ಎಫ್‌ಎಲ್’. ಸ್ವಂತ ಜಮೀನಿನ ಗುತ್ತಿಗೆ, ಹೂಡಿದ ಬಂಡವಾಳದ ಬಡ್ಡಿಯನ್ನೂ ಕೂಡಿದರೆ ‘ಸಿ2’. 2018ರ ಕೇಂದ್ರ ಬಜೆಟ್ಟಿನಲ್ಲಿ ವೆಚ್ಚದ ಒಂದೂವರೆ ಪಟ್ಟು ಬೆಂಬಲ ಬೆಲೆಯೆಂದು ಘೋಷಣೆಯಾದಾಗ ಹಿಡಿದದ್ದು ಎರಡನೆಯ ಮೆಟ್ಟಿಲು. ರೈತ ಸಂಘಟನೆಗಳು ಕೇಳುತ್ತಿರುವುದು ಮೂರನೆಯದನ್ನು. ‘ವೆಚ್ಚ’ ಎಂಬ ಒಂದು ಮಾತಿನ ಅರ್ಥಕ್ಕಾಗಿ ಇಷ್ಟು ದೊಡ್ಡ ಜಗಳ.

ನಮ್ಮ ಕಡೆಯ ಬೆಳೆಗಳಲ್ಲಿ ಈ ಬೆಂಬಲ ಬೆಲೆ ಕೊಬ್ಬರಿಗೆ ಉಂಟು, ಅಡಿಕೆ ಕಾಫಿಗಳಿಗಿಲ್ಲ. ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 2023ರಲ್ಲಿ 11,750 ರೂಪಾಯಿ ಗೊತ್ತುಪಡಿಸಿದಾಗ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ 12,100 ಆದಾಗ ಪೇಟೆ ಅದನ್ನು ಮೀರಿ ಎಲ್ಲಿಗೋ ಹೋಗಿತ್ತು. ಎರಡು ವರ್ಷವೂ ‘ಗಿಟ್ಟಲ್ಲ’ ಎಂದವರು ನನಗೆ ಸಿಕ್ಕಿದ್ದಾರೆ!

ಉಂಡೆ ಕೊಬ್ಬರಿಯ ಅಸಲಿನಲ್ಲಿ ಯಾರೂ ಬರೆಯದ ಒಂದು ಬಾಬ್ತಿದೆ. ಬಲಿತ ಕಾಯಿ ಎಂಟು ಹತ್ತು ತಿಂಗಳು ಅಟ್ಟದ ಮೇಲೆ ಕೂರಬೇಕು. ಕಾಯಿಯಾಗಿಯೇ ಮಾರಿದ್ದರೆ ಬರಬಹುದಾಗಿದ್ದ ಒಂದು ಲಕ್ಷ ರೂಪಾಯಿ ಹತ್ತು ತಿಂಗಳು ಅಟ್ಟದಲ್ಲಿ ಮಲಗಿತೆಂದರೆ, ಶೇಕಡಾ 12ರ ಬಡ್ಡಿಯಲ್ಲಿ 10,000 ರೂಪಾಯಿ ಆಯಿತು. ಇದರ ಮೇಲೆ ಇಲಿ ತಿಂದದ್ದು, ಕೆಟ್ಟದ್ದು, ಮಟ್ಟೆ ಸುಲಿಸಿ ಒಡೆಸಿದ ಕೂಲಿ. ಸಾಲ ತಂದವನಿಗೆ ಈ ಬಡ್ಡಿ ಕಣ್ಣಿಗೆ ಹೊಡೆಯುತ್ತದೆ. ಸಾಲವಿಲ್ಲದವನು ಅದು ಖರ್ಚೇ ಅಲ್ಲವೆಂದು ತಿಳಿಯುತ್ತಾನೆ. ಹೆಂಡತಿ ಮಕ್ಕಳು ಕೂತು ಅಡಿಕೆ ಸುಲಿದದ್ದೂ ಹೀಗೆಯೇ ಲೆಕ್ಕದಿಂದ ಜಾರುತ್ತದೆ. ಅದೇ ಕೆಲಸಕ್ಕೆ ನೆರೆಮನೆಯವರನ್ನು ಕರೆದಿದ್ದರೆ ಸಂಜೆಗೆ ಹಣ ಎಣಿಸಬೇಕಾಗುತ್ತಿತ್ತು.

ಕಡೆಗೆ ಪೇಟೆಯ ಪಟ್ಟಿಯ ಮಾತು. ನಮ್ಮ ರಾಜ್ಯದ ನಿಯಂತ್ರಿತ ಮಾರುಕಟ್ಟೆಯಲ್ಲಿ ದಲ್ಲಾಳಿ ಕಮಿಷನ್ನೂ ಮಾರುಕಟ್ಟೆ ಶುಲ್ಕವೂ ಕೊಂಡವನ ಬಾಬ್ತು, ರೈತನದಲ್ಲ. ಹಿಂದೊಮ್ಮೆ ನಾನೇ ಅಡಿಕೆ ಹಾಕಿ ಬಂದಾಗ ಕೈಗೆ ಸಿಕ್ಕದ್ದು ಬಿಳಿ ಚೀಟಿ. ಅದರಲ್ಲಿ ‘ಇತರೆ’ ಎಂದು ಒಂದು ಮೊತ್ತ ಕಳೆದಿತ್ತು. ಇತರೆ ಎಂದರೇನು ಸ್ವಾಮಿ ಎಂದು ಕೇಳಿದೆ. “ಅದು ಮಾಮೂಲು ಅಲ್ವಾ ಅಣ್ಣ” ಎಂದು ಗುಮಾಸ್ತ ನಕ್ಕ. ಕೇಳದೆ ಹೋಗಿದ್ದರೆ ಅದೂ ನನ್ನ ಪುಸ್ತಕದಲ್ಲಿ ಖರ್ಚು ಎಂದೇ ಕೂರುತ್ತಿತ್ತು. ಅಚ್ಚಾದ ಪಟ್ಟಿ ಕೊಡುವ ತನಕ ಅಲ್ಲಿಂದ ಏಳಲಿಲ್ಲ. ಅದರಲ್ಲಿ ‘ಇತರೆ’ ಇರಲಿಲ್ಲ.