ಕಣದ ಮೇಟಿ ಮತ್ತು ಭೂಮಿಯ ಧ್ರುವಗಳು

ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂಬ ನಂಬಿಕೆ ನಾಡಿನ ಇತರೆಡೆಗಳಂತೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿಯೂ ರೂಢಿಯಲ್ಲಿದೆ. ಜನಪದರು ಇದಕ್ಕೆ ಕೊಡುವ ಕಾರಣ ಒಂದು ಕತೆ: ಉತ್ತರಕ್ಕೆ ತಲೆಯಿಟ್ಟು ಮಲಗಿದ್ದ ಆನೆಯ ತಲೆಯನ್ನು ಕಡಿದು ತಂದು ಗಣಪತಿಗೆ ಜೋಡಿಸಲಾಯಿತು. ಈಚಿನ ದಶಕಗಳಲ್ಲಿ ಈ ಕತೆಯ ಸ್ಥಾನವನ್ನು ಬೇರೊಂದು ವಿವರಣೆ ಆಕ್ರಮಿಸಿದೆ. ಭೂಮಿಯ ಕಾಂತಧ್ರುವವು ರಕ್ತದಲ್ಲಿರುವ ಕಬ್ಬಿಣವನ್ನು ಸೆಳೆಯುತ್ತದೆ, ಹಿರಿಯರು ಇದನ್ನು ಅರಿತಿದ್ದರು ಎಂಬುದು ಅದರ ತಿರುಳು. ಈ ವಿವರಣೆಯು ಎರಡು ಬೇರೆ ಬೇರೆ ಉತ್ತರಗಳನ್ನು ಒಂದೆಂದು ಭಾವಿಸುತ್ತದೆ.

ಭೂಮಿ ತನ್ನ ಸುತ್ತ ತಿರುಗುವ ಅಕ್ಷವು ಮೇಲ್ಮೈಯನ್ನು ಸಂಧಿಸುವ ಎರಡು ಬಿಂದುಗಳೇ ಭೌಗೋಳಿಕ ಧ್ರುವಗಳು. ಈ ಅಕ್ಷವನ್ನು ಉತ್ತರದ ಆಕಾಶಕ್ಕೆ ಚಾಚಿದರೆ ಅದು ಧ್ರುವನಕ್ಷತ್ರದ ತೀರ ಸಮೀಪದಲ್ಲಿ ಹಾಯುತ್ತದೆ. ಅಂತರ ಒಂದು ಡಿಗ್ರಿಗಿಂತಲೂ ಕಡಿಮೆ. ಒಂದು ಊರಿನ ಉತ್ತರ ಅಕ್ಷಾಂಶ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಆ ನಕ್ಷತ್ರ ಅಲ್ಲಿ ಕಾಣುತ್ತದೆ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಈ ಐದೂ ತಾಲ್ಲೂಕು ಕೇಂದ್ರಗಳು 15 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಹೀಗಾಗಿ ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ಎತ್ತರದಲ್ಲಿ ಆ ಚುಕ್ಕಿ ಕದಲದೆ ನಿಂತಂತೆ ತೋರುತ್ತದೆ. ಮದುವೆಯಲ್ಲಿ ಅರುಂಧತಿಯೊಡನೆ ಧ್ರುವನನ್ನೂ ತೋರಿಸುವ ಸಂಪ್ರದಾಯಕ್ಕೆ ಈ ಅಚಲತೆಯೇ ಆಧಾರ.

ಇದೇ ಅಚಲತೆಯ ರೂಪವೊಂದು ಬಯಲುಸೀಮೆಯ ಒಕ್ಕಲುತನದಲ್ಲಿತ್ತು. ಕಣದ ನಡುವೆ ನೆಟ್ಟ ಕಂಬವೇ ಮೇಟಿ. ಎತ್ತುಗಳನ್ನು ಸಾಲಾಗಿ ಕಟ್ಟಿ ಅದರ ಸುತ್ತ ತೆನೆ ತುಳಿಸುವುದು ಹಂತಿ. ಆಗ ಹಾಡುವ ಹಾಡುಗಳು ಹಂತಿಪದಗಳು. ಮೇಟಿಗೆ ಹತ್ತಿರದ ಎತ್ತು ಕಿರಿದಾದ ಸುತ್ತನ್ನೂ ಹೊರಗಿನ ಎತ್ತು ಹಿರಿದಾದ ಸುತ್ತನ್ನೂ ಹಾಕುತ್ತದೆ. ಮೇಟಿ ಮಾತ್ರ ಕದಲುವುದಿಲ್ಲ. ಇರುಳಿನ ಆಕಾಶದಲ್ಲಿ ಕಾಣುವುದೂ ಇದನ್ನೇ. ಭಾಗವತ ಪುರಾಣದ ಐದನೆಯ ಸ್ಕಂಧವು ಧ್ರುವನನ್ನು ಕಣದ ಮೇಧಿಸ್ತಂಭಕ್ಕೂ ಜ್ಯೋತಿರ್ಗಣಗಳನ್ನು ಅದರ ಸುತ್ತ ತಿರುಗುವ ಎತ್ತುಗಳಿಗೂ ಹೋಲಿಸುತ್ತದೆ. ಸಂಸ್ಕೃತದ ಮೇಧಿ, ಕನ್ನಡದ ಮೇಟಿ ಎರಡೂ ಒಂದೇ ಕಂಬದ ಹೆಸರುಗಳು. ಪುರಾಣದ ಖಗೋಳ ಕಲ್ಪನೆ ತನ್ನ ಉಪಮೆಯನ್ನು ಒಕ್ಕಲಿಗನ ಕಣದಿಂದ ಪಡೆದಿರುವುದು ಗಮನಾರ್ಹ.

ಕಾಂತಧ್ರುವದ ಸ್ವರೂಪ ಬೇರೆ. ಸುಮಾರು 2,900 ಕಿ.ಮೀ. ಆಳದಿಂದ ಆರಂಭವಾಗುವ ಭೂಮಿಯ ಹೊರಗರ್ಭದಲ್ಲಿ ದ್ರವರೂಪದ ಕಬ್ಬಿಣ ಚಲಿಸುವುದರಿಂದ ಭೂಕಾಂತಕ್ಷೇತ್ರ ಉಂಟಾಗುತ್ತದೆ. ಕಾಂತಸೂಜಿಯ ಉತ್ತರ ತುದಿ ನೆಟ್ಟಗೆ ಕೆಳಮುಖವಾಗಿ ನಿಲ್ಲುವ ಸ್ಥಳವೇ ಉತ್ತರ ಕಾಂತಧ್ರುವ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಇದನ್ನು ಇಂದಿನ ಕೆನಡಾದ ಉತ್ತರ ಭಾಗದಲ್ಲಿ ಗುರುತಿಸಿದನು. ಅಂದಿನಿಂದ ಅದು ಬಹುದೂರ ಸರಿದು ಈಗ ಸೈಬೀರಿಯಾದ ಕಡೆಗೆ ಸಾಗುತ್ತಿದೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 50 ಕಿ.ಮೀ. ಇದ್ದ ಅದರ ವೇಗ ಈಚೆಗೆ ಸುಮಾರು 35 ಕಿ.ಮೀ.ಗೆ ಇಳಿದಿದೆ. ಈ ಭಾಗದಲ್ಲಿ ದಿಕ್ಸೂಚಿಯು ನಿಜವಾದ ಉತ್ತರದಿಂದ ಸರಿಸುಮಾರು ಒಂದು ಡಿಗ್ರಿಯಷ್ಟು ಪಶ್ಚಿಮಕ್ಕೆ ವಾಲುತ್ತದೆ. ಅಂತರ ಇಷ್ಟು ಅಲ್ಪವಾಗಿರುವುದರಿಂದಲೇ ಎರಡೂ ಒಂದೆಂಬ ಭ್ರಮೆಗೆ ಇಲ್ಲಿ ಸುಲಭವಾಗಿ ಎಡೆಯಾಗಿದೆ.

ಭೂಕಾಂತಕ್ಷೇತ್ರ ಬಹಳ ದುರ್ಬಲ. ಅದು ಹಗುರವಾದ ಸೂಜಿಯನ್ನು ತಿರುಗಿಸಬಲ್ಲದು. ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಬೆರೆತ ಕಬ್ಬಿಣವನ್ನು ತಲೆಯತ್ತ ಎಳೆಯಲಾರದು. ಹೀಗೆ ಹೊಸ ವಿವರಣೆಗೆ ವಿಜ್ಞಾನದ ಬೆಂಬಲವೂ ಇಲ್ಲ, ಪರಂಪರೆಯ ಬೆಂಬಲವೂ ಇಲ್ಲ. ಜನಪದರ ಉತ್ತರವು ಕಣ್ಣಿಗೆ ಕಾಣುವ ಧ್ರುವನಕ್ಷತ್ರದ ಉತ್ತರ, ಅಂದರೆ ಭೌಗೋಳಿಕ ಉತ್ತರ.

ಒಕ್ಕಣೆಯ ಯಂತ್ರಗಳು ಬಂದ ಮೇಲೆ ಕಣಗಳು ವಿರಳವಾಗಿವೆ. ಹಂತಿಪದಗಳು ತಮ್ಮ ಸಂದರ್ಭವನ್ನು ಕಳೆದುಕೊಂಡಿವೆ. ಮೇಟಿ ಎಂಬುದು ಬೇಸಾಯದ ಪರ್ಯಾಯ ಪದವಾಗಿ, ಮನೆತನದ ಹೆಸರಾಗಿ ಉಳಿದಿದೆ. ಹಿರಿಯರಿಗೆ ತಿಳಿಯದ ಕಾಂತಧ್ರುವವನ್ನು ಅವರಿಗೆ ಆರೋಪಿಸಿದರೆ ಅವರ ಗೌರವವೇನೂ ಹೆಚ್ಚದು. ಅವರು ಕಂಡು, ನೆಟ್ಟು, ಹೆಸರಿಟ್ಟ ಮೇಟಿಯ ಅರಿವು ಮಾತ್ರ ಮರೆಯಾಗುತ್ತದೆ. ಹಂತಿಪದಗಳನ್ನು ಸಂಗ್ರಹಿಸುವವರು ಹಾಡಿನ ಪಠ್ಯದೊಡನೆ ಕಣದ ರಚನೆಯನ್ನೂ ದಿಕ್ಕಿನ ಪದಗಳನ್ನೂ ದಾಖಲಿಸುವುದು ಈ ಕಾರಣಕ್ಕಾಗಿ ಅಗತ್ಯವಾಗಿದೆ.