ನೇರಳಾತೀತ ಪೆಟ್ಟಿಗೆ: ಮನೆಯಲ್ಲೇ ಮೂಡುವ ತಾಮ್ರದ ಗೆರೆಗಳು

ಸರ್ಕಿಟ್ ಬೋರ್ಡಿನ ಮೇಲೆ ಕಾಣುವ ತಾಮ್ರದ ಗೆರೆಗಳು ಅಂಟಿಸಿದವಲ್ಲ. ಫೈಬರ್ ಗ್ಲಾಸ್ ಹಲಗೆಯ ತುಂಬ ಹರಡಿರುವ, ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪದ ತಾಮ್ರದ ಪದರದಲ್ಲಿ ಬೇಡದ ಭಾಗವನ್ನು ಫೆರಿಕ್ ಕ್ಲೋರೈಡ್ ದ್ರಾವಣ ಕರಗಿಸಿದ ಮೇಲೆ ಉಳಿಯುವವು. ಉಳಿಯಬೇಕಾದ ತಾಮ್ರವನ್ನು ಈ ದ್ರಾವಣದಿಂದ ಕಾಯುವ ಲೇಪವೇ ಫೋಟೊರೆಸಿಸ್ಟ್. ಪಾಸಿಟಿವ್ ಬಗೆಯಲ್ಲಿ ಬೆಳಕು ಬಿದ್ದ ಭಾಗ ಡೆವಲಪರ್ ಎಂಬ ತೊಳೆಯುವ ದ್ರಾವಣದಲ್ಲಿ ಕರಗಿಹೋಗುತ್ತದೆ. ನೆಗೆಟಿವ್ ಬಗೆಯಲ್ಲಿ ಬೆಳಕು ಬಿದ್ದ ಭಾಗವೇ ಗಟ್ಟಿಯಾಗಿ ನಿಲ್ಲುತ್ತದೆ. 1820ರ ದಶಕದಲ್ಲಿ ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ಲೋಹದ ತಗಡಿಗೆ ಬಿಟುಮೆನ್ ಬಳಿದು, ಬೆಳಕಿಗೊಡ್ಡಿ ಚಿತ್ರ ಮೂಡಿಸಿದ್ದು ಈ ಎರಡನೆಯ ತತ್ತ್ವದಿಂದಲೇ. ಛಾಯಾಗ್ರಹಣವೂ ಸರ್ಕಿಟ್ ಬೋರ್ಡೂ ಒಂದೇ ಬೇರಿನಿಂದ ಚಿಗುರಿದವೆಂಬುದು ನೆನೆದಷ್ಟೂ ಸೊಗಸು.

ಲೇಪವನ್ನು ಬೆಳಕಿಗೊಡ್ಡುವ ಕೆಲಸ ಬಿಸಿಲಿನಲ್ಲಿಯೂ ನಡೆಯುತ್ತದೆ, ಆದರೆ ಮೋಡ ಮತ್ತು ಹೊತ್ತಿಗೆ ತಕ್ಕಂತೆ ಬಿಸಿಲು ಏರಿಳಿಯುವುದರಿಂದ ಇಂದು ಸರಿಹೋದ ಅವಧಿ ನಾಳೆಗೆ ಹೊಂದುವುದಿಲ್ಲ. ಪ್ರತಿಸಲವೂ ಒಂದೇ ಪ್ರಮಾಣದ ಬೆಳಕು ಸಿಗಲೆಂದೇ ನೇರಳಾತೀತ ಬೆಳಕಿನ ಪೆಟ್ಟಿಗೆ ಬೇಕು. ಕೆಟ್ಟು ಮೂಲೆ ಸೇರಿದ ಸ್ಕ್ಯಾನರಿನಲ್ಲಿ ಗಾಜು, ಮುಚ್ಚಳ, ಕವಚ ಮೂರೂ ಸಿದ್ಧವಾಗಿ ದೊರೆಯುತ್ತವೆ. ಅದಿಲ್ಲದಿದ್ದರೆ ಪ್ಲೈವುಡ್ ಸಾಕು. ಹವ್ಯಾಸಿಗಳು ಬಳಸುವ ಲೇಪಗಳು 365ರಿಂದ 405 ನ್ಯಾನೋಮೀಟರ್ ತರಂಗಾಂತರಕ್ಕೆ ಚೆನ್ನಾಗಿ ಸ್ಪಂದಿಸುವುದರಿಂದ, ಬೆಂಗಳೂರಿನ ಎಸ್‌ಪಿ ರೋಡಿನಂಥ ಬಿಡಿಭಾಗಗಳ ಪೇಟೆಯಲ್ಲಿ ಹುಡುಕಬೇಕಾದದ್ದು 395 ಅಥವಾ 405ರ ಎಲ್‌ಇಡಿಗಳನ್ನು. ಒಂದೊಂದಕ್ಕೆ ಸುಮಾರು 3.2 ವೋಲ್ಟ್ ಬೇಕಾಗುವುದರಿಂದ, ಮೂರನ್ನು ಸರಣಿಯಲ್ಲಿ ಜೋಡಿಸಿ 120 ಓಮ್ ರೆಸಿಸ್ಟರ್ ಸೇರಿಸಿದರೆ 12 ವೋಲ್ಟ್ ಅಡಾಪ್ಟರಿನಿಂದ 20 ಮಿಲಿಆಂಪಿಯರ್ ವಿದ್ಯುತ್ ಹರಿಯುತ್ತದೆ.

ಹೊಸಬರು ಸಾಮಾನ್ಯವಾಗಿ ಬೆಳಕಿನ ತೀಕ್ಷ್ಣತೆಯ ಬೆನ್ನುಹತ್ತುತ್ತಾರೆ. ಆದರೆ ಪೆಟ್ಟಿಗೆಯ ಯೋಗ್ಯತೆ ನಿಂತಿರುವುದು ಬೆಳಕು ಎಲ್ಲೆಡೆ ಸಮನಾಗಿ ಬೀಳುವುದರ ಮೇಲೆ. ಬೆಳಕು ಮಂದವಾದರೆ ಹೆಚ್ಚು ಹೊತ್ತು ಇಟ್ಟು ಸರಿದೂಗಿಸಬಹುದು, ಸಮವಿಲ್ಲದಿದ್ದರೆ ಮಾತ್ರ ನಡುಭಾಗ ಅತಿಯಾಗಿ ಮೂಲೆಗಳು ಅರೆಬರೆಯಾಗಿ ಉಳಿಯುತ್ತವೆ, ಅದಕ್ಕೆ ಯಾವ ಅವಧಿಯೂ ಪರಿಹಾರವಲ್ಲ. 30 ಡಿಗ್ರಿ ಕೋನದಲ್ಲಿ ಬೆಳಗುವ ಎಲ್‌ಇಡಿ 8 ಸೆಂಟಿಮೀಟರ್ ದೂರದಲ್ಲಿ ಸುಮಾರು 4.3 ಸೆಂಟಿಮೀಟರ್ ಅಗಲದ ವೃತ್ತ ಮೂಡಿಸುತ್ತದೆ. ಎಲ್‌ಇಡಿಗಳನ್ನು 2 ಸೆಂಟಿಮೀಟರಿಗೊಂದರಂತೆ ಕೂರಿಸಿದರೆ ಈ ವೃತ್ತಗಳು ಒಂದರ ಮೇಲೊಂದು ಹಾಯ್ದು ಕಪ್ಪು ತೆರಪುಗಳು ಮುಚ್ಚಿಹೋಗುತ್ತವೆ. ಅಂಚಿನಲ್ಲಿ ಹೀಗೆ ಹಾಯುವ ವೃತ್ತಗಳು ಕಡಿಮೆ, ಆದ್ದರಿಂದ ಎಲ್‌ಇಡಿಗಳ ಸಾಲು ಬೋರ್ಡಿನ ಅಳತೆಗಿಂತ ಆಚೆಗೂ ಚಾಚಿರಬೇಕು.

ಇಷ್ಟೇ ಮುಖ್ಯವಾದದ್ದು ಒತ್ತಡ. ವಿನ್ಯಾಸವನ್ನು ಲೇಸರ್ ಪ್ರಿಂಟರಿನಿಂದ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ, ಟೋನರ್ ಇರುವ ಮಗ್ಗುಲು ಲೇಪಕ್ಕೆ ತಾಗುವಂತೆ ಇಡಬೇಕು. ಇದಕ್ಕಾಗಿ ಮುದ್ರಿಸುವಾಗಲೇ ಚಿತ್ರವನ್ನು ಕನ್ನಡಿಬಿಂಬದಂತೆ ತಿರುಗಿಸಬೇಕಾಗಬಹುದು. ನಡುವೆ 0.1 ಮಿಲಿಮೀಟರ್ ಗಾಳಿ ಉಳಿದರೂ 45 ಡಿಗ್ರಿ ಓರೆಯಾಗಿ ಬಂದ ಕಿರಣ ಅಷ್ಟೇ ದೂರ ನೆರಳಿನೊಳಕ್ಕೆ ನುಸುಳುತ್ತದೆ, ಎರಡು ಅಂಚುಗಳಿಂದಲೂ ನುಸುಳಿದರೆ 0.2 ಮಿಲಿಮೀಟರಿನ ಗೆರೆಯೊಂದು ಇಲ್ಲವಾಗುತ್ತದೆ. ಮುಚ್ಚಳದೊಳಗೆ ಸ್ಪಂಜು ಅಂಟಿಸಿ ಬೋರ್ಡನ್ನು ಗಾಜಿಗೆ ಅದುಮುವುದು ಅದಕ್ಕಾಗಿಯೇ. ಕಿಟಕಿಗೆ ಬಳಸುವ ಸಾಧಾರಣ ಗಾಜು ಈ ಕಿರಣಗಳನ್ನು ಬಹುಪಾಲು ಬಿಡುತ್ತದೆ, ಆದರೆ ಅಕ್ರಿಲಿಕ್ ಹಾಳೆಗಳಲ್ಲಿ ಹಲವಕ್ಕೆ ನೇರಳಾತೀತವನ್ನು ತಡೆಯುವ ವಸ್ತು ಬೆರೆಸಿರುತ್ತಾರೆ.

ಕೋವಿಡ್ ಕಾಲದಲ್ಲಿ ಮನೆ ಸೇರಿದ ರೋಗಾಣುನಾಶಕ ದೀಪಗಳನ್ನು ಇಲ್ಲಿಗೆ ತರಲೇಬಾರದು. ಅವುಗಳ ಪಾದರಸ ಕೊಳವೆಯ 254 ನ್ಯಾನೋಮೀಟರ್ ಕಿರಣ ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ, ಗಾಜನ್ನು ದಾಟದ ಕಾರಣ ಬೋರ್ಡಿಗೂ ಉಪಯೋಗವಿಲ್ಲ. ಎಲ್‌ಇಡಿಯ ಬೆಳಕನ್ನೂ ದಿಟ್ಟಿಸಿ ನೋಡುವುದು ಕಣ್ಣಿಗೆ ಅಪಾಯವೇ ಆದ್ದರಿಂದ, ಮುಚ್ಚಳ ತೆರೆದೊಡನೆ ವಿದ್ಯುತ್ ಕಡಿದುಹೋಗುವಂತೆ ಒಂದು ಮೈಕ್ರೋ ಸ್ವಿಚ್ ಇರಲೇಬೇಕು.

ಎಷ್ಟು ಹೊತ್ತು ಇಡಬೇಕೆಂಬುದನ್ನು ಪೆಟ್ಟಿಗೆಯಿಂದಲೇ ಕೇಳಿ ತಿಳಿಯಬೇಕು: ಲೇಪವಿರುವ ಚೂರೊಂದಕ್ಕೆ ವಿನ್ಯಾಸದ ಹಾಳೆ ತಾಗಿಸಿ, ಕಪ್ಪು ಕಾಗದದಿಂದ ಮುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ಕಾಗದವನ್ನು ಸ್ವಲ್ಪ ಸ್ವಲ್ಪ ಸರಿಸುತ್ತ ಹೋದರೆ ಒಂದೊಂದು ಪಟ್ಟಿಗೆ ಒಂದೊಂದು ಅವಧಿಯ ಬೆಳಕು ಸಿಗುತ್ತದೆ. ಲೇಪವು ನೆಗೆಟಿವ್ ಬಗೆಯ ಡ್ರೈ ಫಿಲ್ಮ್ (ಹಾಳೆಯ ರೂಪದ ಫೋಟೊರೆಸಿಸ್ಟ್) ಆದರೆ ಆ ಚೂರನ್ನು ಲೀಟರಿಗೆ 10 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಗೆರೆಗಳು ಗಟ್ಟಿಯಾಗಿ ನಿಂತು ನಡುವಿನ ತಾಮ್ರ ಸ್ವಚ್ಛವಾಗಿ ಹೊಳೆಯುವ ಪಟ್ಟಿಯನ್ನು ಆರಿಸಿ, ಅದರ ಅವಧಿಯನ್ನು ಮುಚ್ಚಳದ ಮೇಲೆಯೇ ಬರೆದಿಡಬೇಕು.